ಕೋನ್ ಫಿಲ್ಟರ್ ಹಾಕಿದ್ರೆ ಟರ್ಬೊ ಕಾರು ಜಾಸ್ತಿ ಓಡುತ್ತಾ? ಚಳ್ಳಕೆರೆ–ಮೊಳಕಾಲ್ಮೂರು ರಸ್ತೆಯ ಒಂದು ಲೆಕ್ಕ

"ನೀವು ನಾಲ್ಕು ಜನ ಮೆಕ್ಯಾನಿಕಲ್ ಓದ್ತಿದ್ದೀರಲ್ಲ, ಹೇಳ್ರೋ. ಹಾಕಿಸ್ಲಾ, ಬೇಡ್ವಾ?"

ಮೊಳಕಾಲ್ಮೂರಿನಲ್ಲಿ ನಮ್ಮ ಗೆಳೆಯನ ಅಣ್ಣ ಹೀಗೆ ಕೇಳಿದಾಗ ನಮ್ಮಲ್ಲಿ ಯಾರಿಗೂ ನೇರ ಉತ್ತರ ಗೊತ್ತಿರಲಿಲ್ಲ. ಅಣ್ಣನದು ರೇಷ್ಮೆ ಸೀರೆ ವ್ಯಾಪಾರ. ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದಾರೆ, ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್. ಸೀರೆ ಗಂಟು ಹಿಂದಿನ ಸೀಟಿಗೆ ಹಾಕ್ಕೊಂಡು ವಾರಕ್ಕೆ ಮೂರು ಸಲ ಚಳ್ಳಕೆರೆ, ಎರಡು ಸಲ ಬಳ್ಳಾರಿ. ಗ್ಯಾರೇಜಿನಲ್ಲಿ ಯಾರೋ ಹೇಳಿದರಂತೆ: "ಕಂಪನಿ ಫಿಲ್ಟರ್ ಡಬ್ಬಿ ತೆಗೆದು ಕೋನ್ ಫಿಲ್ಟರ್ ಹಾಕಿಸಿ, ಎಂಜಿನ್ ಉಸಿರು ಬಿಡುತ್ತೆ, ಪಿಕಪ್ ಬರುತ್ತೆ, ಮೈಲೇಜೂ ಬರುತ್ತೆ." ಬೇಕಿದ್ದರೆ ಒಂದು ವಾರ ಹಾಕಿ ನೋಡಿ ಅಂತ ಕಿಟ್ಟನ್ನೂ ಕೊಟ್ಟಿದ್ದರು.

ನಾವು ಊರಿಗೆ ಹೋಗಿದ್ದು ರಜಕ್ಕೆ. ಆದರೆ ಮೂರನೇ ಸೆಮಿಸ್ಟರಿನಲ್ಲಿ ಥರ್ಮೊಡೈನಮಿಕ್ಸ್ ಪಾಸ್ ಮಾಡಿದವರು ಒಂದು ಫಿಲ್ಟರಿನ ಬಗ್ಗೆ ಹೌದು, ಇಲ್ಲ ಅಂತ ಹೇಳಲಾಗದಿದ್ದರೆ ನಾಚಿಕೆಗೇಡು. ಹಾಗಾಗಿ ಒಂದು ವಾರ ಲೆಕ್ಕ ಹಾಕಿದೆವು, ಸ್ವಲ್ಪ ಓಡಿಸಿಯೂ ನೋಡಿದೆವು. ಅದರ ಫಲ ಈ ಬರಹ.

ಮೊದಲು, ಟರ್ಬೊ ಏನು ಮಾಡುತ್ತೆ?

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಪೇಟೆಂಟ್ ಪಡೆದ ಯೋಚನೆ ಇದು. ಸೈಲೆನ್ಸರಿನ ಕಡೆ ಸುಮ್ಮನೆ ಹೋಗುವ ಬಿಸಿ ಹೊಗೆಯಿಂದ ಒಂದು ಟರ್ಬೈನ್ ತಿರುಗಿಸು, ಅದೇ ದಂಡಕ್ಕೆ ಒಂದು ಕಂಪ್ರೆಸರ್ ಕೂರಿಸು, ಅದು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಲಿ. ಗಾಳಿ ಜಾಸ್ತಿ ಹೋದರೆ ಇಂಧನ ಜಾಸ್ತಿ ಸುಡಬಹುದು, ಶಕ್ತಿ ಜಾಸ್ತಿ ಬರುತ್ತೆ.

ಚಳ್ಳಕೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 94 ಕಿಲೋಪಾಸ್ಕಲ್, ಕರಾವಳಿಯಲ್ಲಿ 101. ಅಂದರೆ ಟರ್ಬೊ ಇಲ್ಲದ ಕಾರು ಮಂಗಳೂರಿನಿಂದ ಇಲ್ಲಿಗೆ ಬರುವಷ್ಟರಲ್ಲೇ ನೂರಕ್ಕೆ ಆರೇಳು ಪಾಲು ಗಾಳಿ ಕಳಕೊಂಡಿರುತ್ತೆ. ಟರ್ಬೊ ಕಾರು ಅಷ್ಟು ಸುಲಭವಾಗಿ ಸೋಲಲ್ಲ, ಕಂಪ್ರೆಸರ್ ಇನ್ನೊಂದಿಷ್ಟು ಜೋರಾಗಿ ತಿರುಗಿ ಕೊರತೆ ತುಂಬಿಕೊಳ್ಳುತ್ತೆ. ಈ "ತುಂಬಿಕೊಳ್ಳುತ್ತೆ" ಅನ್ನೋ ಮಾತು ನೆನಪಿಟ್ಟುಕೊಳ್ಳಿ, ಇಡೀ ಉತ್ತರ ಅದರಲ್ಲೇ ಇದೆ.

ಎಣ್ಣೆ ಮಿಲ್ಲಿನ ಬಾಗಿಲು

ಚಳ್ಳಕೆರೆಗೆ ಎಣ್ಣೆ ನಗರ ಅನ್ನೋ ಹೆಸರಿದೆ. ಅಲ್ಲಿನ ಒಂದು ಶೇಂಗಾ ಎಣ್ಣೆ ಮಿಲ್ ಕಲ್ಪಿಸಿಕೊಳ್ಳಿ. ಮೇಸ್ತ್ರಿ ಹೇಳಿದ್ದಾನೆ: ಇವತ್ತು ಇಂತಿಷ್ಟು ಡಬ್ಬ ಎಣ್ಣೆ, ಅದಕ್ಕೆ ಇಂತಿಷ್ಟು ಮೂಟೆ ಬೀಜ, ಒಂದು ಮೂಟೆಯೂ ಜಾಸ್ತಿ ಬೇಡ. ಹಮಾಲಿ ಬಾಗಿಲ ಮೂಲಕ ಮೂಟೆ ತರುತ್ತಾನೆ. ನೀವು ಹೋಗಿ ಬಾಗಿಲನ್ನು ಒಂದಡಿ ಅಗಲ ಮಾಡಿದಿರಿ. ಏನಾಯ್ತು? ಹಮಾಲಿಗೆ ಓಡಾಡೋದು ಸುಲಭವಾಯ್ತು, ಸ್ವಲ್ಪ ಬೆವರು ಉಳೀತು. ಎಣ್ಣೆ ಡಬ್ಬ ಎಷ್ಟು ಬಂತು? ಅಷ್ಟೇ ಬಂತು.

ಕಾರಿನಲ್ಲಿ ಮೇಸ್ತ್ರಿ ಅಂದರೆ ಇಸಿಯು, ಹಮಾಲಿ ಅಂದರೆ ಟರ್ಬೊ, ಬಾಗಿಲು ಅಂದರೆ ಫಿಲ್ಟರ್. ನೀವು ಆಕ್ಸಿಲರೇಟರ್ ಒತ್ತಿದಾಗ ಇಸಿಯು ಮೊದಲು ಎಷ್ಟು ಟಾರ್ಕ್ ಬೇಕು ಅಂತ ನಿರ್ಧರಿಸುತ್ತೆ. ಅದಕ್ಕೆ ಎಷ್ಟು ಗಾಳಿ ಬೇಕು, ಅದಕ್ಕೆ ಎಷ್ಟು ಬೂಸ್ಟ್ ಬೇಕು ಅಂತ ಲೆಕ್ಕ ಮಾಡುತ್ತೆ. ಒತ್ತಡದ ಸೆನ್ಸರ್ ನೋಡಿಕೊಂಡು ವೇಸ್ಟ್‌ಗೇಟ್ ತೆರೆಯುತ್ತೆ, ಮುಚ್ಚುತ್ತೆ. ಫಿಲ್ಟರಿನ ತಡೆ ಕಡಿಮೆಯಾದರೆ ಗುರಿಯ ಬೂಸ್ಟ್ ಸ್ವಲ್ಪ ಸಲೀಸಾಗಿ ಸಿಗುತ್ತೆ, ಇಸಿಯು ವೇಸ್ಟ್‌ಗೇಟನ್ನು ಇನ್ನೊಂದು ಕೂದಲೆಳೆ ತೆರೆದು ಮತ್ತೆ ಅದೇ ಬೂಸ್ಟಿಗೆ ತಂದು ನಿಲ್ಲಿಸುತ್ತೆ. ಗುರಿ ಬದಲಾಗಿಲ್ಲವಲ್ಲ!

ಟರ್ಬೊ ಇಲ್ಲದ ಹಳೇ ಎಂಜಿನ್ನಿನಲ್ಲಿ ಈ ಮೇಸ್ತ್ರಿ ವ್ಯವಸ್ಥೆ ಇಲ್ಲ. ಅಲ್ಲಿ ದಾರಿ ಸಲೀಸಾದಷ್ಟೂ ಗಾಳಿ ನೇರವಾಗಿ ಜಾಸ್ತಿ ಹೋಗುತ್ತೆ. "ಫಿಲ್ಟರ್ ಬದಲಾಯಿಸಿದ್ರೆ ಪವರ್" ಅನ್ನೋ ಮಾತು ಹುಟ್ಟಿದ್ದು ಅಂಥ ಎಂಜಿನ್ನುಗಳ ಕಾಲದಲ್ಲಿ. ಟರ್ಬೊ ಕಾರಿಗೆ ಅದನ್ನು ಹಾಗೇ ಅಂಟಿಸೋಕಾಗಲ್ಲ.

ಲೆಕ್ಕಕ್ಕೆ ಬರೋಣ

ಮೇಸ್ತ್ರಿ ಕಥೆ ಚೆನ್ನಾಗಿದೆ, ಸಂಖ್ಯೆ ಎಲ್ಲಿ ಅಂತ ಕೇಳಬೇಕಾದವರು ನಾವೇ. 110 ಪಿಎಸ್ ಕೊಡುವ ಒಂದು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 75 ಲೀಟರ್ ಗಾಳಿ ಎಳೆಯುತ್ತೆ. ಹಾಸ್ಟೆಲ್ಲಿನ 20 ಲೀಟರ್ ನೀರಿನ ಕ್ಯಾನ್ ಇದೆಯಲ್ಲ, ಒಂದು ಸೆಕೆಂಡಿಗೆ ಹತ್ತಿರ ಹತ್ತಿರ ನಾಲ್ಕು ಕ್ಯಾನ್.

ಹೊರಗೆ 35 ಡಿಗ್ರಿ ಬಿಸಿಲು, ಕಂಪ್ರೆಸರಿನಿಂದ ಹೊರಬರುವ ಒತ್ತಡ 190 ಕಿಲೋಪಾಸ್ಕಲ್ ಅಂತಿಟ್ಟುಕೊಳ್ಳಿ. ಕಂಪನಿ ಫಿಲ್ಟರ್ ಮತ್ತು ಪೈಪಿನಲ್ಲಿ 3 ಕಿಲೋಪಾಸ್ಕಲ್ ಒತ್ತಡ ಕಳೆಯುತ್ತೆ, ಕೋನ್ ಫಿಲ್ಟರಿನಲ್ಲಿ ಅದರ ಅರ್ಧ, 1.5 ಅಂತ ಉದಾರವಾಗಿಯೇ ಕೊಡೋಣ. ಕಂಪ್ರೆಸರಿನ ದಕ್ಷತೆ ನೂರಕ್ಕೆ 70, ಇಂಟರ್‌ಕೂಲರಿನದೂ 70.

ಕಂಪನಿ ಫಿಲ್ಟರ್: ಒಳಗೆ ಹೋಗುವ ಒತ್ತಡ 91, ಒತ್ತಡದ ಅನುಪಾತ 2.09. ಗಾಳಿ ಒತ್ತಿಸಿಕೊಂಡು ಸುಮಾರು 103 ಡಿಗ್ರಿ ಬಿಸಿಯೇರಿ 138 ಡಿಗ್ರಿಗೆ ಬರುತ್ತೆ. ಇಂಟರ್‌ಕೂಲರ್ ದಾಟಿದ ಮೇಲೆ ಸುಮಾರು 66.

ಕೋನ್ ಫಿಲ್ಟರ್, ಅದೇ ತಣ್ಣನೆ ಗಾಳಿ ಸಿಕ್ಕರೆ: ಅನುಪಾತ 2.05. ಕಂಪ್ರೆಸರಿನಲ್ಲಿ ಎರಡೂವರೆ ಡಿಗ್ರಿ ಕಡಿಮೆ ಬಿಸಿ. ಇಂಟರ್‌ಕೂಲರ್ ದಾಟಿದ ಮೇಲೆ ಉಳಿಯುವ ಲಾಭ ಮುಕ್ಕಾಲು ಡಿಗ್ರಿ. ಗಾಳಿಯ ಸಾಂದ್ರತೆ ನೂರಕ್ಕೆ 0.2ರಷ್ಟು ಜಾಸ್ತಿ. 110 ಪಿಎಸ್‌ನಲ್ಲಿ ಕಾಲು ಪಿಎಸ್ಸೂ ಇಲ್ಲ!

ಈಗ ನಿಜವಾದ ಪರಿಸ್ಥಿತಿ ನೋಡಿ. ಕಂಪನಿಯವರು ಗಾಳಿಯನ್ನು ಬಾನೆಟ್ ಮುಂದಿನ ಅಂಚಿನಿಂದ, ಗ್ರಿಲ್ಲಿನ ಹಿಂದಿನಿಂದ ಎಳೆಯೋ ಹಾಗೆ ಪೈಪು ಕೊಟ್ಟಿರುತ್ತಾರೆ. ಡಬ್ಬಿ ಕಿತ್ತು ತೆರೆದ ಕೋನ್ ಕೂರಿಸಿದರೆ ಅದು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೆಯುತ್ತೆ. ಅಲ್ಲಿ 55 ಡಿಗ್ರಿ ಅಂತಿಟ್ಟುಕೊಂಡರೆ ಕಂಪ್ರೆಸರಿನಿಂದ ಹೊರಬರುವ ಗಾಳಿ 162 ಡಿಗ್ರಿ, ಇಂಟರ್‌ಕೂಲರ್ ದಾಟಿದ ಮೇಲೆ 73. ಮೊದಲಿಗಿಂತ 7 ಡಿಗ್ರಿ ಜಾಸ್ತಿ, ಅಂದರೆ ಸಾಂದ್ರತೆಯಲ್ಲಿ ನೂರಕ್ಕೆ 2ರಷ್ಟು ನಷ್ಟ. ತಡೆ ಕಡಿಮೆ ಮಾಡಿ ಗಳಿಸಿದ್ದರ ಹತ್ತು ಪಟ್ಟು ಬಿಸಿಗೆ ಕಳಕೊಂಡೆವು.

ಕಥೆ ಅಲ್ಲಿಗೂ ಮುಗಿಯಲ್ಲ. ಗಾಳಿ ಬಿಸಿಯಾದಷ್ಟೂ ಪೆಟ್ರೋಲ್ ಎಂಜಿನ್ನಿನಲ್ಲಿ ನಾಕಿಂಗ್ ಭಯ ಜಾಸ್ತಿ. ಇಸಿಯು ಸ್ಪಾರ್ಕನ್ನು ತಡಮಾಡಿ ಎಂಜಿನ್ ಉಳಿಸಿಕೊಳ್ಳುತ್ತೆ. ಅಲ್ಲೂ ಒಂದಿಷ್ಟು ಟಾರ್ಕ್ ಹೋಯ್ತು.

ನಮ್ಮ 3 ಕಿಲೋಪಾಸ್ಕಲ್, 55 ಡಿಗ್ರಿ ಎಲ್ಲಾ ಉದಾಹರಣೆಗೆ ಹಿಡಿದ ಸಂಖ್ಯೆಗಳು. ನಿಮ್ಮ ಕಾರಿನ ಸಂಖ್ಯೆ ಹಾಕಿ ನೀವೇ ಮಾಡಿ ನೋಡಿ, ಅರ್ಧ ಪುಟದ ಲೆಕ್ಕ.

ಮೈಲೇಜಿನ ಮಾತು

ಅಣ್ಣನಿಗೆ ಪಿಕಪ್ಪಿಗಿಂತ ಮೈಲೇಜ್ ಮುಖ್ಯ. ಇಲ್ಲಂತೂ ಉತ್ತರ ಇನ್ನೂ ಸ್ಪಷ್ಟ. ಗಂಟೆಗೆ 60 ಕಿಲೋಮೀಟರಿನಲ್ಲಿ ಆರಾಮಾಗಿ ಹೋಗುವಾಗ ಎಂಜಿನ್ ಎಳೆಯೋದು ಪೂರ್ತಿ ಶಕ್ತಿಯ ಗಾಳಿಯಲ್ಲಿ ಏಳೆಂಟನೇ ಒಂದು ಭಾಗ ಅಷ್ಟೇ. ಒತ್ತಡದ ನಷ್ಟ ಹೆಚ್ಚುಕಡಿಮೆ ಹರಿವಿನ ವರ್ಗದ ಹಾಗೆ ಇಳಿಯೋದರಿಂದ ಆಗ ಫಿಲ್ಟರಿನ ತಡೆ ಲೆಕ್ಕಕ್ಕೇ ಇಲ್ಲ. ಜೊತೆಗೆ ಪೆಟ್ರೋಲ್ ಕಾರಿನಲ್ಲಿ ಥ್ರಾಟಲ್ ಅನ್ನೋ ಕವಾಟ ಬೇಕಂತಲೇ ಗಾಳಿಗೆ ಅಡ್ಡ ನಿಂತಿರುತ್ತೆ. ಮುಂಬಾಗಿಲು ಅರ್ಧ ಮುಚ್ಚಿಟ್ಟುಕೊಂಡು ಗೇಟ್ ಅಗಲ ಮಾಡಿಸಿ ಏನು ಪ್ರಯೋಜನ?

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಇದನ್ನೇ ಹೇಳುತ್ತೆ. ಕಂಪ್ಯೂಟರ್ ನಿಯಂತ್ರಣದ ಆಧುನಿಕ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ, ಪಿಕಪ್ ಮಾತ್ರ ಕುಗ್ಗಿತು. ಕೊಳೆ ಕಟ್ಟಿದ ಫಿಲ್ಟರ್ ತೆಗೆದು ಹೊಸದು ಹಾಕಿದರೇ ಮೈಲೇಜ್ ಬದಲಾಗದಿದ್ದಾಗ, ಚೆನ್ನಾಗಿರೋ ಫಿಲ್ಟರ್ ತೆಗೆದು ಕೋನ್ ಹಾಕಿದರೆ ಎಲ್ಲಿಂದ ಬರಬೇಕು?

ನಾವು ಓಡಿಸಿ ನೋಡಿದ್ದು

ಲೆಕ್ಕ ತೋರಿಸಿದರೆ ಅಣ್ಣ ಒಪ್ಪಲಿಲ್ಲ. "ಹಾಳೆ ಮೇಲೆ ಏನ್ ಬೇಕಾದ್ರೂ ಬರುತ್ತೆ" ಅಂದರು. ಸರಿ, ಕಿಟ್ ಹಾಕಿದೆವು. ಹಾನಗಲ್ ಕ್ರಾಸಿಗೆ ಬಂದು, ಬಿ.ಜಿ. ಕೆರೆ, ತಳುಕು ದಾಟಿ ಚಳ್ಳಕೆರೆಗೆ ಹೋಗಿ ಬಂದೆವು. ಮೊದಲ ಹತ್ತು ನಿಮಿಷದಲ್ಲಿ ಎಲ್ಲರೂ "ಪಕ್ಕಾ ಪಿಕಪ್ ಬಂದಿದೆ ಮಗಾ" ಅಂದುಬಿಟ್ಟೆವು. ಯಾಕೆಂದರೆ ಸದ್ದು ಬಂದಿತ್ತು. ಡಬ್ಬಿ ಇದ್ದಾಗ ಅಡಗಿರುತ್ತಿದ್ದ ಟರ್ಬೊದ ಸುಯ್ ಅನ್ನೋ ಶಬ್ದ, ಕಾಲೆತ್ತಿದಾಗಿನ ಬುಸ್ ಅನ್ನೋದು, ಎರಡೂ ಈಗ ಕ್ಯಾಬಿನ್ನಿನೊಳಗೇ ಕೇಳ್ತಿತ್ತು. ಕಿವಿ ಸುಳ್ಳು ಹೇಳುತ್ತೆ ಅಂತ ಗೊತ್ತಾಗಿದ್ದು ಸ್ಟಾಪ್‌ವಾಚ್ ಹಿಡಿದ ಮೇಲೆ.

ವೇಗಮಿತಿ ಮೀರದೆ, ಖಾಲಿ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಎಷ್ಟು ಹೊತ್ತು ಅಂತ ಅಳೆದೆವು. ಎರಡೂ ದಿಕ್ಕಿನಲ್ಲಿ, ಎರಡೂ ಫಿಲ್ಟರಿನಲ್ಲಿ. ಈ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ ಅನ್ನೋದು ಆಗ ಅರ್ಥವಾಯ್ತು. ಎದುರುಗಾಳಿಗೂ ಬೆನ್ನುಗಾಳಿಗೂ ಇದ್ದ ವ್ಯತ್ಯಾಸದ ಮುಂದೆ ಫಿಲ್ಟರಿನ ವ್ಯತ್ಯಾಸ ಕಾಣಿಸಲೇ ಇಲ್ಲ. ಒಂದೇ ಫಿಲ್ಟರಿನ ಎರಡು ಓಟಗಳ ನಡುವಿನ ಅಂತರವೇ ಎರಡು ಫಿಲ್ಟರುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿತ್ತು. ಇದರಿಂದ "ಲಾಭ ಸೊನ್ನೆ" ಅಂತ ಸಾಬೀತಾಗಲ್ಲ. ಆದರೆ ಡ್ರೈವರ್ ಸೀಟಿನಲ್ಲಿ ಕೂತವನಿಗೆ ಗೊತ್ತಾಗುವಷ್ಟು ಲಾಭ ಇಲ್ಲ ಅಂತ ಹೇಳಬಹುದು.

ಉಷ್ಣತೆಯ ವಿಷಯದಲ್ಲಿ ಒಂದು ಪಾಠ ಕಲಿತೆವು. ಓಬಿಡಿ ಡಾಂಗಲ್ ತೋರಿಸುವ ಇಂಟೇಕ್ ಉಷ್ಣತೆ ಎಷ್ಟೋ ಟರ್ಬೊ ಕಾರುಗಳಲ್ಲಿ ಇಂಟರ್‌ಕೂಲರ್ ಆದ ಮೇಲಿನದು, ಫಿಲ್ಟರ್ ಬಾಯಿಯದಲ್ಲ. ಅದಕ್ಕೇ ತಂತಿಯ ಥರ್ಮಾಮೀಟರನ್ನು ಫಿಲ್ಟರ್ ಬಾಯಿಗೇ ಕಟ್ಟಿದೆವು. ಹೆದ್ದಾರಿಯಲ್ಲಿ ಓಡುತ್ತಿರುವಾಗ ಕೋನ್ ಅಷ್ಟೇನೂ ಕೆಟ್ಟದಲ್ಲ, ನುಗ್ಗಿ ಬರುವ ಗಾಳಿ ಬಾನೆಟ್ಟನ್ನು ತೊಳೆದುಬಿಡುತ್ತೆ. ಚಳ್ಳಕೆರೆ ಪೇಟೆಯೊಳಗೆ ಲಾರಿ ಸಾಲಿನ ಹಿಂದೆ ನಿಂತಾಗ ಮಾತ್ರ ಸಂಖ್ಯೆ ಏರುತ್ತಲೇ ಹೋಯ್ತು. ಮತ್ತೆ ಹೊರಡುವಾಗಲೇ ನಮಗೆ ಎಳೆತ ಬೇಕಿರೋದು, ಸರಿಯಾಗಿ ಆಗಲೇ ಬಿಸಿ ಗಾಳಿ.

ಬಿಳಿ ಕರ್ಚೀಫು

ವಾರ ಕಳೆದ ಮೇಲೆ ಕೋನ್ ಬಿಚ್ಚಿದೆವು. ಫಿಲ್ಟರಿನ *ನಂತರದ* ಪೈಪಿನೊಳಗೆ, ಟರ್ಬೊ ಕಡೆಗೆ, ಬಿಳಿ ಕರ್ಚೀಫಿನಲ್ಲಿ ಒರೆಸಿದೆವು. ಕರ್ಚೀಫು ತಿಳಿ ಕೆಂಪಾಯ್ತು.

ಅಣ್ಣ ಮಾತಾಡಲಿಲ್ಲ. ಆ ಕೆಂಪು ಅವರಿಗೆ ಪರಿಚಯ, ಅವರ ಹೊಲದ್ದೇ ಮಣ್ಣು.

ಈ ಸೀಮೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಕಡಿಮೆ, ಗಾಳಿ ಜಾಸ್ತಿ, ಶೇಂಗಾ ಬೆಳೆಯುವ ಕೆಂಪು ಮಣ್ಣು. ಶೇಂಗಾ ಕಿತ್ತು ಕಾಯಿ ಬಿಡಿಸುವ ದಿನಗಳಲ್ಲಿ ಹಳ್ಳಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಹೋದರೆ ಮುಂದಿನ ಗಾಜೇ ಕಾಣಲ್ಲ. ಆ ಮಣ್ಣಿನಲ್ಲಿ ಸ್ಫಟಿಕ ಶಿಲೆಯ ಸಣ್ಣ ಕಣಗಳಿರುತ್ತವೆ, ಸಿಲಿಂಡರಿನ ಲೋಹಕ್ಕಿಂತ ಗಟ್ಟಿ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಸೇರಿದರೆ ಮರಳು ಕಾಗದದ ಹಾಗೆ ಉಜ್ಜುತ್ತವೆ. ಟರ್ಬೊದಲ್ಲಂತೂ ಮೊದಲ ಏಟು ಕಂಪ್ರೆಸರ್ ರೆಕ್ಕೆಗೇ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುವ ರೆಕ್ಕೆ ಅದು.

ಫಿಲ್ಟರ್ ಅಳೆಯೋಕೆ ಐಎಸ್‌ಒ 5011 ಅನ್ನೋ ಮಾನದಂಡ ಇದೆ. ಅದು ತಡೆ ಎಷ್ಟು ಅಂತಷ್ಟೇ ಅಲ್ಲ, ಧೂಳು ಎಷ್ಟು ಹಿಡಿಯುತ್ತೆ, ಎಷ್ಟು ಧೂಳು ತಿಂದ ಮೇಲೆ ಕಟ್ಟಿಕೊಳ್ಳುತ್ತೆ ಅಂತಲೂ ಅಳೆಯುತ್ತೆ. ಕಿಟ್ ಮಾರುವವರು ಮೊದಲನೆಯದನ್ನು ಮಾತ್ರ ಹೇಳಿದರೆ ಉಳಿದೆರಡನ್ನು ಕೇಳಿ. ಇಲ್ಲಿ ಒಂದು ಮೋಸದ ಲೆಕ್ಕ ಇದೆ. "99.5 ಪರ್ಸೆಂಟ್ ಹಿಡಿಯುತ್ತೆ", "98 ಪರ್ಸೆಂಟ್ ಹಿಡಿಯುತ್ತೆ", ಕೇಳೋಕೆ ಎರಡೂ ಒಂದೇ ಥರ. ಒಳಗೆ ಹೋಗೋದನ್ನು ನೋಡಿ: 0.5 ಮತ್ತು 2. ನಾಲ್ಕು ಪಟ್ಟು!

ಒಂದು ಲೀಟರ್ ಪೆಟ್ರೋಲ್ ಸುಡೋಕೆ ಸುಮಾರು 11 ಕೆಜಿ ಗಾಳಿ ಬೇಕು, ಅಂದರೆ ಚಳ್ಳಕೆರೆಯಲ್ಲಿ 10 ಘನ ಮೀಟರ್. ಲೀಟರಿಗೆ 15 ಕಿಲೋಮೀಟರಿನಂತೆ 1,000 ಕಿಲೋಮೀಟರ್ ಮಣ್ಣು ರಸ್ತೆ ಓಡಿದರೆ ಸುಮಾರು 700 ಘನ ಮೀಟರ್ ಗಾಳಿ. ಘನ ಮೀಟರಿಗೆ 10 ಮಿಲಿಗ್ರಾಂ ಧೂಳು ಅಂತ ಹಿಡಿದರೆ ಒಟ್ಟು 7 ಗ್ರಾಂ. ಮೊದಲ ಫಿಲ್ಟರ್ ಒಳಗೆ ಬಿಡೋದು 35 ಮಿಲಿಗ್ರಾಂ, ಎರಡನೆಯದು 140. ಕಾಲು ಪಿಎಸ್ ಆಸೆಗೆ ನಾಲ್ಕು ಪಟ್ಟು ಮಣ್ಣು.

ನಮ್ಮ ಕರ್ಚೀಫು ಕೆಂಪಾಗಿದ್ದು ಕೋನಿನ ಬಟ್ಟೆಯಿಂದಲೋ, ಕ್ಲ್ಯಾಂಪ್ ಸರಿಯಾಗಿ ಕೂರದೇ ಇದ್ದದ್ದರಿಂದಲೋ ಇರಬಹುದು. ಎಂಜಿನ್ನಿಗೆ ಎರಡೂ ಒಂದೇ. ಕಂಪನಿ ಡಬ್ಬಿಯ ಅಂಚಿನಲ್ಲಿರುವ ರಬ್ಬರ್ ಸೀಲ್ ಎಷ್ಟು ಕೆಲಸ ಮಾಡ್ತಿತ್ತು ಅಂತ ಅದು ಹೋದ ಮೇಲೇ ಗೊತ್ತಾಗೋದು.

ಎಣ್ಣೆ ಹಚ್ಚುವ ಬಗೆಯ ಫಿಲ್ಟರಾದರೆ ಇನ್ನೊಂದು ತಲೆನೋವು. ಎಣ್ಣೆ ಜಾಸ್ತಿಯಾದರೆ ಗಾಳಿ ಅಳೆಯುವ ಸೆನ್ಸರಿನ ಸೂಕ್ಷ್ಮ ತಂತಿಗೆ ಅಂಟಿ ಅಳತೆ ತಪ್ಪುತ್ತೆ. ಸೆನ್ಸರ್ ಕೂರುವ ಪೈಪಿನ ವ್ಯಾಸ ಬದಲಾದರೂ ಅಷ್ಟೇ.

ಡೀಸೆಲ್ಲಿಗೆ?

ಟರ್ಬೊ ಡೀಸೆಲ್ಲಿನಲ್ಲಿ ಲಾಭ ಇನ್ನೂ ಕಮ್ಮಿ. ಡೀಸೆಲ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳಿಯಲ್ಲೇ ಓಡುತ್ತೆ, ಶಕ್ತಿ ನಿರ್ಧಾರವಾಗೋದು ಎಷ್ಟು ಇಂಧನ ಚಿಮ್ಮಿಸಿದೆವು ಅನ್ನೋದರಿಂದ. ಮಿಲ್ಲಿನಲ್ಲಿ ಬೀಜ ಈಗಾಗಲೇ ರಾಶಿ ಬಿದ್ದಿರುವಾಗ ಬಾಗಿಲು ಅಗಲ ಮಾಡಿದ ಹಾಗೆ.

ಈ ಭಾಗದ ಜನಕ್ಕೆ ಗಾಳಿ ದಾರಿಯ ನಿಜವಾದ ಪಾಠ ಹೇಳೋದು ಟ್ರ್ಯಾಕ್ಟರ್. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಬಾನೆಟ್ ಮೇಲೆ ಎತ್ತರದಲ್ಲಿ ಒಂದು ಬಟ್ಟಲು ಕಾಣುತ್ತಲ್ಲ, ಅದು ಪ್ರಿ-ಕ್ಲೀನರ್. ದಪ್ಪ ಧೂಳನ್ನು ಸುಳಿ ಹೊಡೆಸಿ ಅಲ್ಲೇ ಬೀಳಿಸುತ್ತೆ. ಕೆಳಗೆ ಎಣ್ಣೆ ತೊಟ್ಟಿಯ ಫಿಲ್ಟರ್. ಇವೆರಡೂ ಗಾಳಿಗೆ ತಡೆ ಒಡ್ಡುತ್ತವೆ ಅಂತ ಗೊತ್ತಿದ್ದೇ ವಿನ್ಯಾಸ ಮಾಡಿದ್ದಾರೆ. ಧೂಳಿನ ಊರಿನಲ್ಲಿ ಸ್ವಲ್ಪ ತಡೆ ಕೊಟ್ಟು ಆಯಸ್ಸು ಕೊಂಡುಕೊಳ್ಳೋದೇ ಜಾಣತನ.

ಹಾಗಾದರೆ ಯಾವಾಗಲೂ ದಂಡವಾ?

ಇಲ್ಲ, ಅದನ್ನೂ ನ್ಯಾಯವಾಗಿ ಹೇಳಬೇಕು. ಇಸಿಯು ರೀಮ್ಯಾಪ್ ಮಾಡಿ ಬೂಸ್ಟ್ ಗುರಿಯನ್ನೇ ಏರಿಸಿದ್ದರೆ, ದೊಡ್ಡ ಟರ್ಬೊ ಕೂರಿಸಿದ್ದರೆ, ಹರಿವು ಜಾಸ್ತಿಯಾಗಿ ಹಳೇ ಪೈಪಿನ ತಡೆ ದುಬಾರಿಯಾಗುತ್ತೆ. ವೇಸ್ಟ್‌ಗೇಟ್ ಪೂರ್ತಿ ಮುಚ್ಚಿದರೂ ಗುರಿ ಮುಟ್ಟದ ಸ್ಥಿತಿ ಬಂದಾಗ, ಅಂದರೆ ಹಮಾಲಿ ಓಡೋಡಿ ಸುಸ್ತಾದಾಗ, ಬಾಗಿಲಿನ ಅಗಲ ನಿಜಕ್ಕೂ ಲೆಕ್ಕಕ್ಕೆ ಬರುತ್ತೆ. ಟ್ರ್ಯಾಕ್ ಮೇಲೆ ಓಡುವ ಕಾರಿಗೆ, ಮುಚ್ಚಿದ ಡಬ್ಬಿಯೊಳಗೆ ತಣ್ಣನೆ ಗಾಳಿ ತರುವ ಒಳ್ಳೆ ಇಂಟೇಕಿಗೆ ಅರ್ಥವಿದೆ. ಸ್ಟಾಕ್ ಕಾರು, ಸ್ಟಾಕ್ ಮ್ಯಾಪ್, ಮೊಳಕಾಲ್ಮೂರು ರಸ್ತೆ, ಇವಕ್ಕೆ ಅರ್ಥವಿಲ್ಲ. ಜೊತೆಗೆ ವಾರಂಟಿ ತಕರಾರು ಬರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ನಮೂನೆ ಬದಲಿಸೋದಕ್ಕೆ ಕಡಿವಾಣ ಹಾಕುತ್ತೆ ಅನ್ನೋದೂ ನೆನಪಿರಲಿ.

ಪಿಕಪ್ ಕಡಿಮೆ ಅನ್ನಿಸಿದರೆ ಮೊದಲು ಇದನ್ನು ನೋಡಿ

1. ಕಂಪನಿ ಫಿಲ್ಟರ್ ಕಟ್ಟಿಕೊಂಡಿದೆಯಾ? ಧೂಳಿನ ಊರಾದರೆ ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ಬದಲಾಯಿಸಿ. ಕಾಗದದ ಫಿಲ್ಟರಿಗೆ ಜೋರಾಗಿ ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಕಣ್ಣಿಗೆ ಕಾಣದಂತೆ ಹರಿಯುತ್ತೆ.
2. ಡಬ್ಬಿಯ ಕ್ಲಿಪ್ಪುಗಳೆಲ್ಲ ಕೂತಿವೆಯಾ, ರಬ್ಬರ್ ಸೀಲ್ ಮಡಿಚಿಲ್ಲವಾ?
3. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸುಗಳಲ್ಲಿ ಬಿರುಕಿದೆಯಾ, ಕ್ಲ್ಯಾಂಪ್ ಸಡಿಲವಾ? ಒತ್ತಿದ ಗಾಳಿ ಇಲ್ಲಿ ಸೋರಿದರೆ ಯಾವ ಫಿಲ್ಟರೂ ಉಳಿಸಲ್ಲ.
4. ಇಂಟರ್‌ಕೂಲರ್ ಮುಖದ ಮೇಲೆ ಮಣ್ಣು, ಹುಳ, ಹೊಟ್ಟು ಮೆತ್ತಿಕೊಂಡಿದೆಯಾ? ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ.

ಅಣ್ಣನ ಕಾರಿನಲ್ಲಿ ಸಿಕ್ಕಿದ್ದು ಒಂದನೆಯದು ಮತ್ತು ನಾಲ್ಕನೆಯದು. ಕಂಪನಿ ಫಿಲ್ಟರ್ ಅವರು ಕಾರು ತಗೊಂಡಾಗಿನದ್ದೇ ಇತ್ತು, ತಟ್ಟಿದರೆ ಹೊಲವೇ ಉದುರಿತು. ಹೊಸದು ಹಾಕಿದೆವು, ಇಂಟರ್‌ಕೂಲರ್ ತೊಳೆದೆವು, ಡಬ್ಬಿ ವಾಪಸ್ ಕೂರಿಸಿದೆವು. ಕೋನ್ ಕಿಟ್ ಗ್ಯಾರೇಜಿಗೆ ಹಿಂದಿರುಗಿತು. ಅದಕ್ಕೆ ತೆಗೆದಿಟ್ಟಿದ್ದ ದುಡ್ಡಿನಲ್ಲಿ ಮುಂದಿನ ಎರಡು ಟೈರು ಬಂದವು. ಅವು ನಿಜವಾಗಿಯೂ ಸವೆದಿದ್ದವು.

ಹೊರಡುವಾಗ ಅಣ್ಣ ಕೇಳಿದರು: "ಇಷ್ಟೆಲ್ಲಾ ಕಾಲೇಜಲ್ಲಿ ಹೇಳ್ಕೊಡ್ತಾರಾ?" ಹೇಳಿಕೊಡ್ತಾರೆ. ಕಂಪ್ರೆಸರ್ ದಕ್ಷತೆಯ ಲೆಕ್ಕವನ್ನು ನಾವು ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆದು ಬಂದಿದ್ದೆವು. ಅದು ಒಂದು ಮನೆಯ ಸಾಲದ ಕಾರಿಗೆ ಸಂಬಂಧಪಟ್ಟದ್ದು ಅಂತ ಮಾತ್ರ ಆಗ ಹೊಳೆದಿರಲಿಲ್ಲ.

ನಿಮ್ಮ ಊರಿನಲ್ಲೂ ಇಂಥ "ಹಾಕಿಸ್ಲಾ, ಬೇಡ್ವಾ" ಪ್ರಶ್ನೆ ಇದ್ದರೆ ನಮ್ಮ ಕನ್ನಡ ಸಂಘಕ್ಕೆ ಬರೆದು ಕಳಿಸಿ. ಕ್ಯಾಲ್ಕುಲೇಟರ್ ನಾವು ತರ್ತೀವಿ, ಬಿಳಿ ಕರ್ಚೀಫು ನೀವು ತನ್ನಿ.